ಬಲಗಡೆ ಏಳು, ಎಡಗಡೆ ಐದು

ನಿಮಾರಳ ಅಂಗಡಿಯ ಬೋರ್ಡಿನ ಮೇಲೆ ‘ಕಾಲುಗಳು’ ಎಂದಷ್ಟೇ ಬರೆದಿತ್ತು. ಪಾಡಾಂಗಿನಲ್ಲಿ ಅದಕ್ಕಿಂತ ಹೆಚ್ಚು ಬರೆಯಬೇಕಾದ್ದಿಲ್ಲ. ಚಕ್ರ, ಬೇರಿಂಗು, ಆಕ್ಸಲ್ಲು, ಸ್ಪ್ರಿಂಗಿನ ಪಟ್ಟಾ, ಹೀಗೆ ಗಾಡಿ ನೆಲಕ್ಕೆ ಊರುವ ಸಮಸ್ತವೂ ಅಲ್ಲಿನವರ ಬಾಯಲ್ಲಿ ಗಾಡಿಯ ಕಾಲು. ಎಂಜಿನ್ ಕೆಟ್ಟಿದೆ ಎಂದು ಯಾರಾದರೂ ಬಂದರೆ ಅವಳು ತಲೆ ಎತ್ತದೆ, “ಬೋರ್ಡ್ ಓದೋಕೆ ಬರೋರ ಗಾಡಿ ಮಾತ್ರ ಇಲ್ಲಿ ನೋಡ್ತೀವಿ” ಎನ್ನುತ್ತಿದ್ದಳು.

ಪೂರ್ತಿ ಹೆಸರು ಯುಸ್ನಿಮಾರ್. ವಯಸ್ಸು ಐವತ್ತಾರು. ಬಂದಾರ್ ಬುಅತ್ ಸಂತೆ ದಾಟಿದ ಮೇಲೆ, ರಸ್ತೆ ಘಟ್ಟದ ಕಡೆಗೆ ಏರತೊಡಗುವಲ್ಲಿ, ಎಡಕ್ಕೆ ಅವಳ ತಗಡಿನ ಮಾಡು. ನೆಲ ತಾಯಿಯ ಕಡೆಯದು, ಅಲ್ಲಿ ಅದು ಹೆಣ್ಣುಮಕ್ಕಳಿಗೇ ಸೇರುತ್ತದೆ, ಆದ್ದರಿಂದ ಅವಳದು ಮತ್ತು ಅವಳ ತಂಗಿ ಲೈನಿಯದು. ಕಸುಬು ಮಾತ್ರ ಅಪ್ಪನದು. ಅಲ್ಲಿನ ಮಿನಾಂಗ್ ಜನರ ಗಂಡುಮಕ್ಕಳು ಮೀಸೆ ಚಿಗುರಿದ ಕೂಡಲೇ ದೇಶಾಂತರ ಹೋಗಿ ಎಲ್ಲಾದರೂ ಅನ್ನದ ಅಂಗಡಿ ಇಡುತ್ತಾರೆ. ಉಳಿದವಳು ಮಗಳು. ಅಪ್ಪ ಸ್ಪ್ಯಾನರನ್ನು ಉಳಿದವಳ ಕೈಗೆ ಕೊಟ್ಟ. ಮುಂದೆ ಗಂಡನೂ ಜಕಾರ್ತಕ್ಕೆ ಹೋದ. ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿಕೊಂಡ. ಸುದ್ದಿ ಬಂದ ದಿನ ನಿಮಾರ್ ಅವನ ಪೆಟ್ಟಿಗೆ ತೆಗೆದು ಅಂಗಿ ಲುಂಗಿಗಳನ್ನೆಲ್ಲ ಹರಿದು ಗ್ರೀಸ್ ಒರೆಸಲು ಇಟ್ಟುಕೊಂಡಳು. ಹತ್ತು ವರ್ಷ ಬಂದವು. ಬಟ್ಟೆ ಒಳ್ಳೆಯದಿತ್ತು ಎಂದು ಹೇಳುತ್ತಿದ್ದಳು.

ಅವಳಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಸಂತೆಯವರು ಆಡಿಕೊಳ್ಳುತ್ತಿದ್ದರು. ಅದು ಸರಿಯಲ್ಲ. ಮೂಗಿನ ತುದಿಯ ಕೋಪ ಬರುತ್ತದೆ, ಹೋಗುತ್ತದೆ. ಇವಳದು ಹೋಗುತ್ತಿರಲಿಲ್ಲ. ಮೂವತ್ತು ವರ್ಷ ಆ ರಸ್ತೆಯ ಬದಿಯಲ್ಲಿ ಕೂತು, ಸಿತಿಂಜಾವು ಘಟ್ಟದ ತಿರುವುಗಳನ್ನು ಇಳಿದು ಬಂದ ಗಾಡಿಗಳನ್ನು ನೋಡಿದ್ದಳು; ಇಳಿದು ಬರಲಾರದೆ ಹೋದವುಗಳನ್ನು ಕ್ರೇನಿನಲ್ಲಿ ತಂದಾಗಲೂ ನೋಡಿದ್ದಳು. ಅವುಗಳಲ್ಲಿ ಬಹುಪಾಲು ಮೊದಲೇ ಕೂಗಿ ಹೇಳಿದ್ದವು ಎಂಬುದು ಅವಳಿಗೆ ಗೊತ್ತಿತ್ತು. ಚಕ್ರ ಮುರಿಯುವ ಮುಂಚೆ ವಾರಗಟ್ಟಲೆ ಗುರುಗುಟ್ಟುತ್ತದೆ. ಕೇಳಿಯೂ ಕೇಳದಂತೆ ಓಡಿಸುವ ಡ್ರೈವರುಗಳು, ಕಿವಿ ಕೊಡದೆ ಕಂಡದ್ದೆಲ್ಲ ಬಿಚ್ಚುವ ಮೆಕ್ಯಾನಿಕ್ಕುಗಳು, ಇವರ ಮೇಲೆ ಅವಳ ಕೋಪ ಒಂದು ದಿನವೂ ಆರಿರಲಿಲ್ಲ.

ಅಪ್ಪ ಕಲಿಸಿದ ಕ್ರಮ ಒಂದಿತ್ತು. ಗಾಡಿ ಖಾಲಿ ಇರಬೇಕು, ಬಾಯಿ ಮುಚ್ಚಿರಬೇಕು. ಖಾಲಿ ಗಾಡಿಯಲ್ಲಿ ಒಬ್ಬ ಓಡಿಸಬೇಕು, ಒಬ್ಬರು ಹಿಂದೆ ನೆಲದ ಮೇಲೆ ಕೂತು ಚಕ್ರದ ಮೇಲಿನ ತಗಡಿನ ಗುಮ್ಮಟಕ್ಕೆ ಅಂಗೈ ಒತ್ತಬೇಕು. ವೇಗ ಹಿಡಿದ ಮೇಲೆ ಗೇರು ಬಿಟ್ಟು ನೋಡಬೇಕು: ಶಬ್ದ ಹೋದರೆ ತಪ್ಪು ಎಂಜಿನ್ ಕಡೆಯದು, ಉಳಿದರೆ ಕಾಲಿನದು. ಆಮೇಲೆ ನುಣ್ಣನೆ ಡಾಂಬರಿನಿಂದ ಒರಟು ಡಾಂಬರಿಗೆ ಹೋಗಬೇಕು. ನೆಲ ಬದಲಾದಾಗ ದನಿ ಬದಲಾಯಿಸಿದರೆ ಅದು ಟೈರು. ಬೇರಿಂಗಿಗೆ ನೆಲದ ಹಂಗಿಲ್ಲ, ಅದು ಹೊತ್ತ ಭಾರಕ್ಕೆ ಮಾತ್ರ ಗೊಣಗುತ್ತದೆ. ಬಲಕ್ಕೆ ತಿರುಗಿಸಿದರೆ ಭಾರ ಎಡಗಾಲಿಗೆ, ಎಡಕ್ಕೆ ತಿರುಗಿಸಿದರೆ ಬಲಗಾಲಿಗೆ. ಯಾವಾಗ ಕೂಗು ಏರಿತೋ ಆಗ ಭಾರ ಹೊತ್ತ ಕಾಲೇ ಕಳ್ಳ. ಈ ಕ್ರಮದಿಂದ ನಿಮಾರ್ ಹೇಳಿದ ಮಾತು ಇಪ್ಪತ್ತು ವರ್ಷದಲ್ಲಿ ತಪ್ಪಿರಲಿಲ್ಲ. ಡ್ರೈವರುಗಳಿಗೆ ಅವಳು ಉನಿ, ಅಂದರೆ ಅಕ್ಕ. ‘ನಿಮಾರ್ ಉನಿ ಹೇಳಿದ್ದಾಳೆ’ ಎಂದರೆ ಆ ಸಾಲಿನ ಡ್ರೈವರುಗಳ ನಡುವೆ ಮಾತು ಮುಗಿಯುತ್ತಿತ್ತು.

ಲೈನಿಯ ಮಗ ಹೆಂಗ್ಕಿ ಅಂಕೋಟ್ ಓಡಿಸುತ್ತಿದ್ದ. ಸಂತೆಯಿಂದ ಪೇಟೆಗೆ ಜನ ಹೇರುವ ಪುಟ್ಟ ವ್ಯಾನು. ಬಾಗಿಲು ಎಡಕ್ಕೆ, ಒಳಗೆ ಎದುರುಬದುರು ಎರಡು ಬೆಂಚು. ಬಲಗಡೆಯ ಉದ್ದ ಬೆಂಚಿಗೆ ಏಳು ಜನ, ಬಾಗಿಲ ಕಡೆಯ ಗಿಡ್ಡ ಬೆಂಚಿಗೆ ಐದು. ಆರೇ ಜನ ಹಿಡಿಯುವ ಬೆಂಚಿಗೂ “ಏಳು, ಐದು, ಜರುಗಿ ಜರುಗಿ” ಎಂದು ಕೂಗುವುದು ಡ್ರೈವರುಗಳ ಧರ್ಮ. ಪಾಡಾಂಗಿನ ಹುಡುಗಿಯರು ಹಾಡು ಕೇಳಿ ವ್ಯಾನು ಆರಿಸುತ್ತಾರೆಂದು ಹೆಂಗ್ಕಿ ಬಲಗಡೆಯ ಬೆಂಚಿನ ಕೆಳಗೆ, ಹಿಂದಿನ ಮೂಲೆಯಲ್ಲಿ, ಎರಡಾಳಿನ ತೂಕದ ಸ್ಪೀಕರ್ ಪೆಟ್ಟಿಗೆ ಕೂರಿಸಿದ್ದ. ಗಾಡಿಯನ್ನು ನೆಲಕ್ಕೆ ಮುತ್ತಿಡುವಷ್ಟು ತಗ್ಗಿಸಿದ್ದ. ಈ ಎರಡಕ್ಕೂ ದೊಡ್ಡಮ್ಮನಿಂದ ಬೈಸಿಕೊಂಡಿದ್ದ.

ಅವನ ತಂಗಿಯ ಮದುವೆಗೆ ಒಂದು ತಿಂಗಳಿರುವಾಗ ವ್ಯಾನು ಗುರುಗುಟ್ಟತೊಡಗಿತು. ನಿಮಾರ್ ಕ್ರಮದ ಪ್ರಕಾರ ಖಾಲಿ ವ್ಯಾನನ್ನು ಹತ್ತಿರದ ಕಾರ್ಖಾನೆಯ ನೇರ ರಸ್ತೆಗೆ ಒಯ್ದಳು, ನೆಲದ ಮೇಲೆ ಕೂತಳು, ಅಂಗೈ ಒತ್ತಿದಳು. ಹೊಸ ಡಾಂಬರಿನಲ್ಲಿ ಶಬ್ದ ಇಳಿಯಿತು, ಹಳೆಯದರಲ್ಲಿ ಏರಿತು. ಇಳಿದು ಟೈರು ಸವರಿದಳು. ಗರಗಸದ ಹಲ್ಲಿನಂತೆ ಸವೆದಿತ್ತು.

“ಟೈರು,” ಎಂದಳು. “ಗಾಡೀನ ಆಮೆ ಮಾಡಿದ್ರೆ ಇನ್ನೇನಾಗುತ್ತೆ? ನಾಲ್ಕೂ ಬದಲಾಯಿಸು.”

ಹೆಂಗ್ಕಿ ಬದಲಾಯಿಸಿದ. ಶಬ್ದ ಮುಕ್ಕಾಲು ಪಾಲು ಹೋಯಿತು. ಅವಳ ಮಾತು ಮತ್ತೊಮ್ಮೆ ನಿಜವೆನಿಸಿತು.

ಮದುವೆಯ ದಿನ ಬೆಳಿಗ್ಗೆ ಹೆಣ್ಣಿನ ಕಡೆಯವರು ಸೋಲೋಕ್‌ಗೆ ಹೋಗಿ ಗಂಡನ್ನು ಕರೆತರಬೇಕಾಗಿತ್ತು. ಮಿನಾಂಗ್ ಜನರಲ್ಲಿ ಗಂಡು ತಾನಾಗಿ ಬರುವುದಿಲ್ಲ. ಎಲೆಯಡಿಕೆಯ ತಟ್ಟೆ ಹಿಡಿದು ಹೋಗಿ ಅವನ ಅಂಗಳದಲ್ಲಿ ನಿಂತು ಕೇಳಬೇಕು. ಹೊತ್ತು ಮೀರಿದರೆ ಕುಲಕ್ಕೆ ಅವಮಾನ. ಸೋಲೋಕ್ ಇರುವುದು ಘಟ್ಟದ ಆಚೆ. ಉಪವಾಸದ ತಿಂಗಳಿಗೆ ಮುಂಚಿನ ವಾರ, ಊರೆಲ್ಲ ಮದುವೆ, ಬಾಡಿಗೆಗೆ ಒಂದು ವ್ಯಾನೂ ಸಿಗುವಂತಿರಲಿಲ್ಲ. “ನಮ್ಮ ಹೆಂಗ್ಕಿಯ ಗಾಡಿ ಇರುವಾಗ ಬೇರೆಯವರದು ಯಾಕೆ?” ಎಂದು ದಾತುಕ್ ತೀರ್ಮಾನಿಸಿದ್ದರು.

ದಾತುಕ್ ಎಂದರೆ ನಿಮಾರಳ ಅಣ್ಣ, ದೇಶಾಂತರ ಹೋಗಿ ಮರಳಿದವರು. ಹುಟ್ಟಿದ ಹೆಸರು ಬೇರೆ ಇತ್ತು. ಕುಲದ ಹಿರಿಯನ ಪದವಿ ಬಂದ ಮೇಲೆ ಆ ಹೆಸರಿನಿಂದ ಕರೆಯುವವರು ಉಳಿಯಲಿಲ್ಲ. ಮನೆ, ಗದ್ದೆ, ನೆಲ ತಂಗಿಯರದು, ಮಾತು ಅವರದು. ಗಾದೆಗಳನ್ನು ಪೋಣಿಸಿ ಒಂದು ಗಂಟೆ ನಿಲ್ಲದೆ ಮಾತಾಡಬಲ್ಲರು. ಯಾವುದಾದರೂ ವಿಷಯ ತಿಳಿಯದಿದ್ದರೆ ಎರಡು ಗಂಟೆ ಮಾತಾಡಬಲ್ಲರು.

ಆ ಬೆಳಿಗ್ಗೆ ಒಬ್ಬ ಗಿರಾಕಿಗೆ ಲಾರಿ ಒಪ್ಪಿಸುವುದಿತ್ತು. ಅದಕ್ಕಾಗಿ ನಿಮಾರ್ ಜರಿಯ ಸೀರೆಬಟ್ಟೆ ಸುತ್ತಿ, ತಲೆಗೆ ಕೊಂಬಿನಾಕಾರದ ಬಟ್ಟೆ ಕಟ್ಟಿಕೊಂಡೇ ಅಂಗಡಿಗೆ ಬಂದಿದ್ದಳು. ಹೋಗುವಾಗ ಅಲ್ಲೇ ಹತ್ತಿಸಿಕೊಳ್ಳಿ ಎಂದು ಹೇಳಿದ್ದಳು. ಒಂಬತ್ತು ಗಂಟೆಗೆ ವ್ಯಾನು ಬಂತು. ಒಳಗೆ ಕುಲದ ಹನ್ನೊಂದು ಹೆಂಗಸರು, ಹನ್ನೊಂದು ಜೋಡಿ ಕೊಂಬು, ಮಡಿಲಲ್ಲಿ ಇಡೀ ಕೋಳಿಯ ಖಾದ್ಯ, ಬಿದಿರಿನಲ್ಲಿ ಬೇಯಿಸಿದ ಅಂಟಕ್ಕಿ. ಮುಂದೆ ದಾತುಕ್, ಕಪ್ಪು ಅಂಗಿ, ಸೊಂಟದಲ್ಲಿ ಕಠಾರಿ. ಹಾಡು ರಸ್ತೆಯ ಆಚೆಯ ಕೋಳಿಗಳನ್ನು ಓಡಿಸುವಷ್ಟು ಜೋರು.

ಹೆಂಗ್ಕಿ ಎಡಕ್ಕೆ ತಿರುಗಿಸಿ ಅಂಗಡಿಯ ಅಂಗಳಕ್ಕೆ ಏರಿಸಿದ. ವ್ಯಾನು ಬಲಕ್ಕೆ ಒರಗಿತು. ಆ ಎರಡು ಕ್ಷಣ, ಹಾಡಿನ ಅಡಿಯಲ್ಲಿ ನಿಮಾರಳಿಗೆ ಇನ್ನೊಂದು ದನಿ ಕೇಳಿಸಿತು. ಕಟ್ಟಿಹಾಕಿದ ನಾಯಿ ಹಲ್ಲು ಬಿಡುವ ಮುಂಚಿನ ದನಿ.

“ಹಾಡು ನಿಲ್ಸು.”

“ದೊಡ್ಡಮ್ಮಾ, ಇವತ್ತು ನನ್ ತಂಗಿ ಮದುವೆ...”

“ನಿನ್ ತಂಗಿ ಮದುವೆ ಅಂತ ಚಕ್ರಕ್ಕೆ ಗೊತ್ತಾ? ನಿಲ್ಸು ಅಂದೆ.”

ಹಾಡು ನಿಂತಿತು.

“ನಿಮಾರ್, ಹತ್ತು,” ಎಂದರು ದಾತುಕ್ ಕಿಟಕಿಯಿಂದ. “ಮಧ್ಯಾಹ್ನದ ನಮಾಜು ಮುಗಿಯೋ ಹೊತ್ತಿಗೆ ಅವರ ಅಂಗಳದಲ್ಲಿರ್ಬೇಕು. ಮಾತು ಕೊಟ್ಟಿದ್ದೀನಿ.”

ಅವಳು ಹತ್ತಿದಳು. ಬೆಂಚಿನ ಮೇಲೆ ಬಿಟ್ಟಿದ್ದ ಜಾಗದಲ್ಲಿ ಕೂರದೆ ಹಿಂದೆ ಹೋಗಿ, ಹೆಂಗಸರ ಕಾಲುಗಳ ನಡುವೆ ನೆಲದ ಮೇಲೆ ಕೂತಳು.

“ಹೆಂಗ್ಕಿ, ಕಾರ್ಖಾನೆ ರಸ್ತೆಗೆ ಹೋಗು. ಐವತ್ತು ಹಿಡಿ. ನಾನು ಹೇಳೋವರೆಗೂ ಯಾರೂ ಬಾಯಿ ತೆಗೀಬೇಡಿ.”

ಹನ್ನೊಂದು ಮಿನಾಂಗ್ ಹೆಂಗಸರಿಗೆ ಮದುವೆಯ ದಿನ ಬಾಯಿ ಮುಚ್ಚಿ ಎನ್ನುವುದು ಸಣ್ಣ ಮಾತಲ್ಲ. ಆದರೂ ಅವಳ ಮುಖ ನೋಡಿ ಮುಚ್ಚಿದರು. ವೇಗ ಹಿಡಿಯಿತು. ಬಲಗಡೆಯ ಗುಮ್ಮಟದ ಮೇಲೆ ಅಂಗೈ ಇಟ್ಟವಳಿಗೆ ಆ ಗುರುಗುಡುವ ಅದುರು ನೇರವಾಗಿ ಮೊಣಕೈವರೆಗೆ ಏರಿ ಬಂತು. ಹೊಸ ಡಾಂಬರಿನಲ್ಲೂ ಅದೇ, ಹಳೆಯದರಲ್ಲೂ ಅದೇ.

“ಎಲ್ಲಾ ಎಡಕ್ಕೆ ಬನ್ನಿ,” ಎಂದಳು.

“ಎಲ್ಲಿಗೆ?”

“ಎಡಗಡೆ ಬೆಂಚಿಗೆ. ಎಲ್ರೂ. ಒಬ್ಬರ ಮೇಲೆ ಒಬ್ಬರು ಕೂತ್ಕೊಳ್ಳಿ.”

“ಏನೇ ನಿಮಾರ್, ನಾವೇನು ಕೋಸಿನ ಮೂಟೆಗಳಾ?” ಎಂದಳು ಉಪಿಕ್. ಇವಳು ಚಿಕ್ಕಮ್ಮನ ಮಗಳು, ಬಲಗಡೆಯ ಬೆಂಚಿನ ಹಿಂದಿನ ಮೂಲೆಯಲ್ಲಿ ಕೂತಿದ್ದವಳು, ಇಬ್ಬರ ಜಾಗ ಹಿಡಿಯುವವಳು.

“ಮೂಟೆ ಆಗಿದ್ರೆ ಇಷ್ಟೊತ್ತಿಗೆ ಜರುಗಿಸಿ ಆಗ್ತಿತ್ತು. ಏಳು.”

ಕೊಂಬಿಗೆ ಕೊಂಬು ತಾಗಿತು. ಕೋಳಿಯ ತಟ್ಟೆ ತಲೆಯ ಮೇಲಿಂದ ಕೈಬದಲಾಯಿತು. ಯಾರದೋ ಕಾಲು ಯಾರೋ ತುಳಿದರು. ಅಂತೂ ಹನ್ನೊಂದೂ ಜನ ಎಡಕ್ಕೆ ಒರಗಿದರು. ಶಬ್ದ ನಿಂತುಹೋಯಿತು. ಆರಿದ ಒಲೆಯಂತೆ.

“ಈಗ ಎಲ್ಲಾ ಬಲಕ್ಕೆ.”

“ಅಯ್ಯೋ ದೇವರೇ!”

ಉಪಿಕ್ ಮೊದಲಾಗಿ ಎಲ್ಲರೂ ಬಲಕ್ಕೆ ಬಿದ್ದರು. ನಿಮಾರಳ ಅಂಗೈಯ ಅಡಿಯಲ್ಲಿ ಅದು ಎದ್ದು ಗುರ್ರೆಂದಿತು. ಈ ಸಲ ಹನ್ನೊಂದು ಹೆಂಗಸರಿಗೂ ಕೇಳಿಸಿತು.

“ಗಾಡಿ ತಿರುಗಿಸು,” ಎಂದಳು ನಿಮಾರ್. “ಅಂಗಡಿಗೆ.”

ಅಂಗಳದಲ್ಲಿ ಇಳಿದ ಮೇಲೆ ಅವಳು ಹೆಂಗ್ಕಿಯ ತೋಳು ಹಿಡಿದಳು. “ಇದು ಯಾವಾಗ್ನಿಂದ?”

“ಹದಿನೈದು ದಿನ ಆಯ್ತು... ಜನ ತುಂಬಿದಾಗ ಮಾತ್ರ. ಖಾಲಿ ಇದ್ರೆ ಏನೂ ಇಲ್ಲ. ದಾತುಕ್ ಮಾವಂಗೆ ಹೇಳ್ದೆ. ಹೊಸ ಟೈರು, ಪಳಗ್ಬೇಕು, ನಿನ್ ದೊಡ್ಡಮ್ಮ ಟೈರು ಅಂದ ಮೇಲೆ ಮುಗೀತು ಅಂದ್ರು.”

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಬೈತೀರಿ.”

“ಅದಕ್ಕೆ?”

“ಅದಕ್ಕೆ ಹಾಡಿನ ದನಿ ಜಾಸ್ತಿ ಮಾಡ್ದೆ.”

ಅವಳು ಅವನ ತೋಳು ಬಿಟ್ಟಳು. ತಾನು ಮಾಡಿದ್ದೇನೆಂಬುದು ಅವಳಿಗೆ ಆಗಲೇ ಸ್ಪಷ್ಟವಾಗಿತ್ತು. ತಿಂಗಳ ಹಿಂದೆ ನೋಡಿದ ಆ ದಿನ ಎರಡು ಶಬ್ದಗಳಿದ್ದವು; ಒಂದು ಟೈರಿನದು, ಅದರ ಬೆನ್ನ ಹಿಂದೆ ಇನ್ನೊಂದು. ಖಾಲಿ ಗಾಡಿಯಲ್ಲಿ ಬಲಗಾಲಿಗೆ ಗೊಣಗುವಷ್ಟು ಭಾರ ಇರಲಿಲ್ಲ. ಬೆಳಗಿನಿಂದ ಸಂಜೆವರೆಗೆ ಬಲಕ್ಕೆ ಏಳು ಎಡಕ್ಕೆ ಐದು ಹೇರುವ ಗಾಡಿಯನ್ನು, ಅದರ ಮೇಲೆ ಆ ದರಿದ್ರ ಪೆಟ್ಟಿಗೆಯನ್ನೂ ಹೊತ್ತ ಗಾಡಿಯನ್ನು, ಅವಳು ಖಾಲಿ ಓಡಿಸಿ ತೀರ್ಪು ಕೊಟ್ಟಿದ್ದಳು. ಅಪ್ಪನ ಕ್ರಮ ಅಪ್ಪನ ಕಾಲದ ಲಾರಿಗಳಿಗೆ ಹೊಂದುತ್ತಿತ್ತು. ಮೂವತ್ತು ವರ್ಷ ಕಣ್ಣೆದುರು ಓಡಾಡಿದ ಅಂಕೋಟಿನಲ್ಲಿ ಜನ ಹೇಗೆ ಕೂರುತ್ತಾರೆಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ.

ದಾತುಕ್ ಇಳಿದು ಬಂದರು. “ಏನಿದು ಆಟ? ಹೊತ್ತಾಗ್ತಿದೆ.”

“ಅಣ್ಣಾ, ಈ ಗಾಡಿ ಘಟ್ಟ ಹತ್ತಲ್ಲ. ಹಿಂದಿನ ಬಲಗಾಲಿನ ಬೇರಿಂಗ್ ಹೋಗಿದೆ.”

“ನೀನೇ ಟೈರು ಅಂದಿದ್ಯಲ್ಲ?”

ಹೆಂಗಸರು ಸುತ್ತ ನಿಂತಿದ್ದರು. ರಸ್ತೆಯಾಚೆ ಕಾಫಿ ಅಂಗಡಿಯಲ್ಲಿ ನಾಲ್ಕು ಜನ ಡ್ರೈವರುಗಳು ಇತ್ತ ನೋಡುತ್ತಿದ್ದರು.

“ಅಂದಿದ್ದೆ,” ಎಂದಳು ನಿಮಾರ್. “ತಪ್ಪು ಹೇಳಿದ್ದೆ.”

ಕಾಫಿ ಅಂಗಡಿಯಲ್ಲಿ ಒಬ್ಬ ಲೋಟ ಕೆಳಗಿಟ್ಟ. ದಾತುಕ್ ಮುಗುಳ್ನಕ್ಕರು. ವಾದದಲ್ಲಿ ಎದುರಾಳಿ ಕಾಲು ಜಾರಿದಾಗ ಅವರು ನಗುತ್ತಿದ್ದ ನಗು ಅದು.

“ಅವತ್ತು ತಪ್ಪಿದ ಕಿವಿ ಇವತ್ತು ತಪ್ಪಲ್ಲ ಅಂತ ಹೇಗೆ ನಂಬೋದು? ಅವತ್ತೂ ಹೀಗೇ ಗಟ್ಟಿಯಾಗಿ ಹೇಳಿದ್ದೆ. ಒಂದು ಸಲ ಅಳತೆ ತಪ್ಪಿದ ಸೇರಿನಲ್ಲಿ ಯಾರೂ ಎರಡನೇ ಸಲ ಅಕ್ಕಿ ಅಳೆಯಲ್ಲ, ನಿಮಾರ್. ಎಲ್ಲಾ ಹತ್ತಿ. ಹೋಗಿ ಬಂದ ಮೇಲೆ ನೋಡೋಣ.”

ಮಾತು ಚೆನ್ನಾಗಿತ್ತು. ಇಬ್ಬರು ಹೆಂಗಸರು ತಲೆಯಾಡಿಸಿ ವ್ಯಾನಿನ ಕಡೆ ಹೆಜ್ಜೆಯನ್ನೂ ಇಟ್ಟರು. ಆ ಮಾತಿಗೆ ಬಾಯಲ್ಲಿ ಉತ್ತರ ಕೊಡಲು ಹೊರಟರೆ ಮಧ್ಯಾಹ್ನವಾಗುತ್ತದೆ, ಕೊನೆಗೆ ಅಣ್ಣನೇ ಗೆಲ್ಲುತ್ತಾನೆ, ಹನ್ನೊಂದು ಜನ ಘಟ್ಟ ಹತ್ತುತ್ತಾರೆ ಎಂದು ನಿಮಾರಳಿಗೆ ಗೊತ್ತಿತ್ತು. ಅವಳು ಒಳಗೆ ಹೋಗಿ ಉದ್ದ ಹಿಡಿಯ ಸ್ಪ್ಯಾನರ್ ತಂದಳು. ಜರಿಬಟ್ಟೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿದಳು. ಹಿಂದಿನ ಬಲಚಕ್ರದ ಐದು ನಟ್ಟು ಸಡಿಲಿಸಿದಳು, ಜಾಕ್ ಕೊಟ್ಟು ಎತ್ತಿದಳು.

“ಏನ್ ಮಾಡ್ತಿದ್ದೀಯ?” ಎಂದರು ದಾತುಕ್.

ಅವಳು ಹೆಂಗಸರ ಕಡೆ ತಿರುಗಿದಳು. “ಉಪಿಕ್, ಬಾ ಇಲ್ಲಿ. ಈ ಸ್ಪ್ರಿಂಗ್ ಪಟ್ಟಾದ ಮೇಲೆ ಬೆರಳಿಡು. ಗಟ್ಟಿಯಾಗಿ. ನಾನು ಚಕ್ರ ತಿರುಗಿಸ್ತೀನಿ.”

“ನನ್ ಬಟ್ಟೆ ಹಾಳಾಗುತ್ತೆ ಕಣೇ.”

“ಹಾಳಾಗ್ಲಿ.”

ಉಪಿಕ್ ಬಾಗಿ ಬೆರಳಿಟ್ಟಳು. ನಿಮಾರ್ ಚಕ್ರ ತಿರುಗಿಸಿದಳು. ಉಪಿಕ್ ಮುಖ ಸಿಂಡರಿಸಿ ಕೈ ಎಳೆದುಕೊಂಡಳು.

“ಕಲ್ಲಿನ ಮೇಲೆ ಮೆಣಸಿನಕಾಯಿ ಅರೆದ ಹಾಗಿದೆ. ಬೀಜದ ಸಮೇತ.”

“ಕೇಳಿದ್ಯಾ ಅಣ್ಣಾ? ಇದು ನನ್ ಕಿವಿ ಅಲ್ಲ, ಅವಳ ಬೆರಳು.”

“ಹೆಂಗಸರ ಬೆರಳು ನಂಬಿ ಕುಲದ ಮಾತು ಮುರೀಲಾ? ಹೆಂಗ್ಕಿ, ಚಕ್ರ ಬಿಗಿ ಮಾಡು.”

ಹೆಂಗ್ಕಿ ಮಾವನನ್ನೂ ದೊಡ್ಡಮ್ಮನನ್ನೂ ನೋಡುತ್ತ ನಿಂತ. ನಿಮಾರ್ ಐದೂ ನಟ್ಟು ತಿರುವಿ ತೆಗೆದು ಮುಷ್ಟಿಯಲ್ಲಿ ಹಿಡಿದು, ಅಂಗಳದ ಅಂಚಿನಲ್ಲಿ ಗದ್ದೆಗೆ ಹರಿಯುವ ಕಾಲುವೆಗೆ ಎಸೆದಳು. ನೀರು ಕೆಂಪಗೆ ತುಂಬಿ ಓಡುತ್ತಿತ್ತು.

“ಈಗ ಬಿಗಿ ಮಾಡು,” ಎಂದಳು. “ನಾನು ಹೇಳಿದ್ದು ಸುಳ್ಳೇ ಆಗ್ಲಿ, ಈ ಗಾಡಿ ಮಾತ್ರ ಇವತ್ತು ಹೋಗಲ್ಲ. ಊರೆಲ್ಲ ನನ್ನ ಉಗೀಲಿ. ಹನ್ನೊಂದು ಹೆಣ ಹೊರೋದಕ್ಕಿಂತ ಅದು ಹಗುರ.”

ಅಂಥ ನಟ್ಟುಗಳು ಅವಳ ತಗಡಿನ ಡಬ್ಬದಲ್ಲಿ ನೂರಿದ್ದವು. ದಾತುಕ್‌ಗೆ ಅದು ತಿಳಿಯದು. ಹೆಂಗ್ಕಿಗೆ ತಿಳಿದಿತ್ತು, ಅವನು ಬಾಯಿ ಬಿಡಲಿಲ್ಲ.

ದಾತುಕ್‌ರ ಮುಖ ಕಪ್ಪಿಟ್ಟಿತು. ಅವರು ನಾಚಿಕೆ, ಹಿರಿಯರು, ಪದ್ಧತಿ ಎಂದು ಶುರುಮಾಡಿ, ಎಮ್ಮೆಯನ್ನು ಹಗ್ಗದಿಂದ ಹಿಡಿಯಬೇಕು ಮನುಷ್ಯನನ್ನು ಮಾತಿನಿಂದ ಹಿಡಿಯಬೇಕು ಎಂಬಲ್ಲಿಗೆ ಬರುವಷ್ಟರಲ್ಲಿ ಅವಳು ಚಕ್ರ ತೆಗೆದು ಬದಿಗಿಟ್ಟು, ಡ್ರಮ್ ಕಳಚಿ, ಹಿಂದಿನ ನಾಲ್ಕು ನಟ್ಟು ಬಿಚ್ಚಿಯಾಗಿತ್ತು. ಆಕ್ಸಲ್ ಎಳೆಯಲು ತೂಕದ ಸುತ್ತಿಗೆ ಬೇಕಾಗುತ್ತದೆ. ಹೆಂಗ್ಕಿ ಅದನ್ನು ತರಲು ಒಳಗೆ ಓಡಿದ. ಅವನು ತರುವ ಮುಂಚೆಯೇ ಆಕ್ಸಲ್ ಅವಳ ಕೈಯಲ್ಲಿ ಬಂದುಬಿಟ್ಟಿತು, ಒರೆಯಿಂದ ಕತ್ತಿ ಬಂದಂತೆ.

ನಿಮಾರ್ ಬಾಗಿ ಬೇರಿಂಗ್ ನೋಡಿದಳು. ತಾನು ಸರಿ ಎಂದುಕೊಂಡಿದ್ದಳು. ಇಷ್ಟು ಸರಿ ಎಂದುಕೊಂಡಿರಲಿಲ್ಲ. ಗುಂಡುಗಳನ್ನು ಹಿಡಿದಿಡುವ ಬಳೆ ಚೂರುಚೂರಾಗಿ ಗ್ರೀಸಿನಲ್ಲಿ ಭತ್ತದ ಹೊಟ್ಟಿನಂತೆ ಬೆರೆತಿತ್ತು. ಮೂರು ಗುಂಡು ಚಪ್ಪಟೆಯಾಗಿದ್ದವು. ಕಬ್ಬಿಣ ಸುಟ್ಟು ನೀಲಿಯಾಗಿತ್ತು. ಬೇರಿಂಗನ್ನು ಆಕ್ಸಲ್ ಮೇಲೆ ಕಚ್ಚಿ ಹಿಡಿಯಬೇಕಾದ ಉಕ್ಕಿನ ಕೊರಳಪಟ್ಟಿ ಒಂದು ಬೆರಳಗಲ ಸರಿದಿತ್ತು. ಇನ್ನೊಂದು ಬೆರಳು ಸರಿದಿದ್ದರೆ ಆಕ್ಸಲ್ಲೂ ಚಕ್ರವೂ ಕೂಡಿಯೇ ಹೊರಬರುತ್ತಿದ್ದವು. ಘಟ್ಟದ ಮೊದಲ ದೊಡ್ಡ ತಿರುವು ಎಡಕ್ಕೆ, ಬಲಕ್ಕೆ ಕಣಿವೆ.

ಅವಳು ಅದನ್ನು ಎತ್ತಿ ಎಲ್ಲರ ಮುಂದೆ ಹಿಡಿದಳು.

“ಇದರ ಮೇಲೆ ನಾನು ಕೂತಿದ್ನಾ?” ಎಂದಳು ಉಪಿಕ್ ಸಣ್ಣ ದನಿಯಲ್ಲಿ.

“ಸರಿಯಾಗಿ ಇದರ ಮೇಲೇ.”

ಉಪಿಕ್ ಅಲ್ಲೇ ಟೈರಿನ ಮೇಲೆ ಕೂತುಬಿಟ್ಟಳು. ವ್ಯಾನಿನ ಕಡೆ ಹೆಜ್ಜೆ ಇಟ್ಟಿದ್ದ ಇಬ್ಬರು ಹಿಂದಕ್ಕೆ ಬಂದರು. ದಾತುಕ್ ಆಕ್ಸಲ್ ನೋಡಿದರು, ಆಮೇಲೆ ಗಡಿಯಾರ ನೋಡಿದರು.

“ಈಗ ಹೋಗೋದು ಹೇಗೆ?” ಎಂದರು.

ನಿಮಾರ್ ಹೋಗಿ ರಸ್ತೆಯ ನಡುವೆ ನಿಂತಳು. ಸಂತೆಗೆ ಕೋಸು ಇಳಿಸಿ ಘಟ್ಟದ ಆಚೆಗೆ ಖಾಲಿ ಮರಳುವ ಲಾರಿಗಳು ಆ ಹೊತ್ತಿನಲ್ಲಿ ಒಂದರ ಹಿಂದೊಂದು ಬರುತ್ತವೆ. ಎರಡನ್ನು ಶಬ್ದ ಕೇಳಿಯೇ ಬಿಟ್ಟಳು. ಮೂರನೆಯದಕ್ಕೆ ಕೈ ಅಡ್ಡ ಹಿಡಿದಳು. ಅದರ ಕಾಲುಗಳನ್ನು ಹಿಂದಿನ ವಾರ ತಾನೇ ಮಾಡಿದ್ದಳು.

“ಮದುವೆ ದಿಬ್ಬಣ,” ಎಂದಳು ಡ್ರೈವರಿಗೆ. “ಸೋಲೋಕ್‌ವರೆಗೆ. ನಿಧಾನ ಹೋಗು, ಆದ್ರೆ ತಡ ಮಾಡ್ಬೇಡ.”

“ಎರಡೂ ಹೇಗಾಗುತ್ತೆ ಉನಿ?”

“ನಂಗೊತ್ತಿಲ್ಲ. ಮಾಡು.”

“ನಾನು? ಕೋಸಿನ ಲಾರೀಲಿ?” ಎಂದರು ದಾತುಕ್. “ಕುಲದ ಹಿರಿಯ?”

“ಕೋಸು ಹಿಂದೆ ಇತ್ತು. ನೀನು ಮುಂದೆ ಕೂತ್ಕೋ.”

ಹನ್ನೊಂದು ಹೆಂಗಸರನ್ನು ಜರಿಬಟ್ಟೆ, ಕೊಂಬು, ಕೋಳಿ ಸಮೇತ ಲಾರಿಗೆ ಹತ್ತಿಸಲು ಕಾಫಿ ಅಂಗಡಿಯ ನಾಲ್ಕೂ ಡ್ರೈವರುಗಳು ಬೇಕಾದರು. ಉಪಿಕಳಿಗೆ ಇಬ್ಬರು. ಒಳಗೆ ಕೊಳೆತ ಎಲೆಯ ವಾಸನೆ. ಲಾರಿ ಹೊರಟಾಗ ಅಷ್ಟೂ ಬಾಯಿಗಳು ನಿಮಾರಳನ್ನು ಬೈಯುತ್ತಿದ್ದವು. ಗ್ರೀಸು ಬಳಿದ ಜರಿಬಟ್ಟೆಯಲ್ಲಿ ಅವಳು ಹೋಗುವಂತಿರಲಿಲ್ಲ. ಲಾರಿಯ ಶಬ್ದ ತಿರುವಿನಲ್ಲಿ ಮರೆಯಾಗುವವರೆಗೆ ಕಿವಿಗೊಟ್ಟು ನಿಂತಿದ್ದು, ಆಮೇಲೆ ವ್ಯಾನಿನೊಳಗೆ ಹೋಗಿ ಸ್ಪೀಕರ್ ಪೆಟ್ಟಿಗೆಯ ತಂತಿ ಕತ್ತರಿಸಿದಳು. ಹೆಂಗ್ಕಿ ನೋಡುತ್ತ ನಿಂತಿದ್ದ.

“ಇನ್ಮೇಲೆ ಶಬ್ದ ಬಂದ್ರೆ ಬಂದು ಹೇಳು,” ಎಂದಳು. “ಬೈತೀನಿ. ಬೈಸ್ಕೋ. ಆದ್ರೆ ಹೇಳು.”

ಗಂಡು ಬಂದ, ಮದುವೆ ಆಯಿತು. ದಿಬ್ಬಣ ಒಂದು ಗಂಟೆ ತಡವಾಗಿತ್ತು. ಬೀಗರ ಅಂಗಳದಲ್ಲಿ ದಾತುಕ್ ತಡವಾದದ್ದಕ್ಕೆ ಏನು ಕಾರಣ ಕೊಟ್ಟರೆಂದು ಎರಡು ದಿನದ ಮೇಲೆ ಉಪಿಕ್ ಬಂದು ಹೇಳಿದಳು. ನಕ್ಕೂ ನಕ್ಕೂ ಅವಳಿಗೆ ಕೆಮ್ಮು ಬಂತು.

“ಗಾದೆ ಮೇಲೆ ಗಾದೆ ಹೇಳಿದ ನಿಮ್ಮಣ್ಣ. ಕೊನೆಗೆ ಏನಂದ ಗೊತ್ತಾ? ‘ದಾರಿಯಲ್ಲಿ ಟೈರು ಕೈಕೊಟ್ಟಿತು’ ಅಂದ.”

ನಿಮಾರ್ ನಗಲಿಲ್ಲ. “ಏನು? ಟೈರಾ?”

“ಟೈರು.”

ಹಿರಿಯರ ಬಾಯಿಂದ ಬಿದ್ದ ಮಾತು ನಿಂತ ಕಡೆ ನಿಲ್ಲುವುದಿಲ್ಲ. ವಾರದೊಳಗೆ ಅದು ಸೋಲೋಕ್‌ನಿಂದ ಸಂತೆಗೆ ಇಳಿದು ಬಂತು. ನಿಮಾರ್ ಬೇರಿಂಗ್ ಎಂದು ರಂಪ ಮಾಡಿದಳಂತೆ, ಕೊನೆಗೆ ನೋಡಿದರೆ ಟೈರಂತೆ. ಅದೇ ಸಾಲಿನ ಒಬ್ಬ ಅಂಕೋಟ್ ಡ್ರೈವರ್, ತನ್ನ ವ್ಯಾನು ಗುರುಗುಟ್ಟಿದ್ದಕ್ಕೆ ಯಾರನ್ನೂ ಕೇಳದೆ ಟೈರು ಬದಲಾಯಿಸಿಕೊಂಡು ನೆಮ್ಮದಿಯಾಗಿ ಸ್ಕೂಲು ಮಕ್ಕಳನ್ನು ಹೇರುತ್ತಿದ್ದ. ಇದು ಕಿವಿಗೆ ಬಿದ್ದ ದಿನ ನಿಮಾರ್ ಹೆಂಗ್ಕಿಯ ಒಡೆದ ಬೇರಿಂಗನ್ನು ತಂತಿಯಲ್ಲಿ ಕಟ್ಟಿ ಬೋರ್ಡಿನ ಕೆಳಗೆ ತೂಗುಹಾಕಿದಳು. ಬಂದ ಡ್ರೈವರುಗಳೆಲ್ಲ ಮೊದಲು ಅದನ್ನು ಬೆರಳಿನಿಂದ ತಿರುಗಿಸಬೇಕು, ಆಮೇಲೆ ಮಾತು. ಮಕ್ಕಳ ವ್ಯಾನಿನವನಿಗೆ ಹೇಳಿ ಕಳಿಸಿದಳು. ಬಾರದಿದ್ದರೆ ತಾನೇ ಬಂದು ನಟ್ಟು ಬಿಚ್ಚಿ ಕಾಲುವೆಗೆ ಹಾಕುವುದಾಗಿಯೂ ಹೇಳಿ ಕಳಿಸಿದಳು. ಅವನು ಶುಕ್ರವಾರ ಮಧ್ಯಾಹ್ನ ಬಂದ.

ಅದೇ ಹೊತ್ತಿಗೆ ಮಸೀದಿ ಬಿಟ್ಟು ಜನ ರಸ್ತೆಗೆ ಬಂದರು. ದಾತುಕ್ ಅಂಗಡಿಯ ಮುಂದೆ ನಿಂತರು. ತೂಗುತ್ತಿದ್ದ ಬೇರಿಂಗನ್ನು ನೋಡಿ ದನಿ ತಗ್ಗಿಸಿದರು.

“ಅದನ್ನ ತೆಗೆದುಬಿಡು ನಿಮಾರ್. ಜನ ಏನಂದ್ಕೋತಾರೆ?”

“ಟೈರು ಅಂದ್ಕೋತಾರೆ. ನೀನೇ ಹೇಳಿದ್ದಲ್ವಾ?”

“ನಿನ್ ಮರ್ಯಾದೆಗೋಸ್ಕರ ಹೇಳ್ದೆ. ಮೊದಲು ಟೈರು ಅಂದೋಳು ನೀನು. ಕುಲದ ಮಾತು ಎರಡಾಗ್ಬಾರ್ದು. ನಿನ್ ಮಾತನ್ನೇ ಉಳಿಸ್ದೆ.”

ಅಣ್ಣ ಅದನ್ನು ನಿಜವಾಗಿ ನಂಬಿದ್ದ. ಅದೇ ಅವಳಿಗೆ ತಡೆಯಲಾಗದ್ದು.

“ಉಳಿಸು ಅಂತ ನಾನು ಕೇಳಿದ್ನಾ?” ಎಂದಳು. “ತಪ್ಪು ಮಾತು ಅದು. ನನ್ ಬಾಯಲ್ಲೇ ಸಾಯ್ಬೇಕಿತ್ತು. ಅದಕ್ಕೆ ನೀನು ಜೀವ ತುಂಬಿ ಊರೆಲ್ಲ ಓಡಾಡಿಸ್ದೆ. ನೋಡು, ಆ ಗಾಡೀಲಿ ಹೋಗ್ತಾರಲ್ಲ ಸ್ಕೂಲು ಮಕ್ಕಳು, ನಿನ್ ಮಾತು ನಂಬಿ ಹೋಗ್ತಿದ್ದಾರೆ.”

ದಾತುಕ್ ಬಾಯಿ ತೆರೆದರು. ಗಾದೆ ಒದಗಲಿಲ್ಲ.

ನಿಮಾರ್ ಅವರನ್ನು ಅಲ್ಲೇ ಬಿಟ್ಟು ಮಸೀದಿಯಿಂದ ಬರುತ್ತಿದ್ದ ಗಂಡಸರ ಕಡೆ ತಿರುಗಿದಳು. ಬಿಳಿ ಅಂಗಿ, ಇಸ್ತ್ರಿ ಮಾಡಿದ ಲುಂಗಿ, ಕಪ್ಪು ಟೋಪಿ.

“ಹನ್ನೆರಡು ಜನ ಬೇಕು. ಈ ಮಕ್ಕಳ ವ್ಯಾನಿಗೆ ಹತ್ತಿ ಕೂತ್ಕೊಳ್ಳಿ. ಕಾರ್ಖಾನೆವರೆಗೆ ಹೋಗಿ ಬರೋಣ. ಮಾತಾಡ್ಬಾರ್ದು.”

ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು, ಗೊಣಗಿದರು, ಹತ್ತಿದರು. ಎಡಗಡೆ ಐದು ತುಂಬಿತು. ಬಲಗಡೆ ಆರಾಯಿತು.

“ಒಬ್ಬರು ಕಮ್ಮಿ,” ಎಂದಳು ನಿಮಾರ್.

ದಾತುಕ್ ಬೇರಿಂಗಿನ ಹತ್ತಿರ ಹೋದರು. ಸುತ್ತ ನೋಡಿ, ತೋರುಬೆರಳಿನಿಂದ ಅದನ್ನೊಮ್ಮೆ ತಿರುಗಿಸಿದರು. ಅದು ಕರಕರ ಎಂದಿತು. ಬೆರಳಿಗಂಟಿದ ಕಪ್ಪು ಗ್ರೀಸನ್ನು ಎಲ್ಲಿ ಒರೆಸುವುದೆಂದು ತಿಳಿಯದೆ ಕೈ ದೂರ ಹಿಡಿದುಕೊಂಡೇ, ಲುಂಗಿ ಎತ್ತಿ ವ್ಯಾನಿಗೆ ಹತ್ತಿದರು.

“ಎಲ್ಲಿ ಕೂರ್ಲಿ?”

“ಬಲಗಡೆ. ಹಿಂದಿನ ಮೂಲೇಲಿ,” ಎಂದಳು ನಿಮಾರ್. ನೆಲದ ಮೇಲೆ ಕೂತು ಅಂಗೈ ಒತ್ತಿದಳು. “ಜರುಗು ಅಣ್ಣಾ. ಇನ್ನೂ ಜರುಗು. ಹಾಂ, ಈಗ ಬಾಯಿ ಮುಚ್ಕೊಂಡಿರು.”